ನರಮೇಧ: ಕಂಬಕ್ಕೆ ಕಟ್ಟಿದ ಒಂದು ಪದ

ನವೆಂಬರ್ ಕೊನೆಯ ಒಂದು ರಾತ್ರಿ ಗೆಳತಿಯೊಬ್ಬಳು ಫೋನ್ ಮಾಡಿದಳು. ಡಿಸೆಂಬರ್ 9ರ ಸಂಜೆಗೆ ಒಂದು ಚಿಕ್ಕ ಕಾರ್ಯಕ್ರಮ ಇಟ್ಟುಕೊಂಡಿದ್ದಳು. ಗೋಡೆಯ ಮೇಲೆ ಹಳೆಯ ದಾಖಲೆಗಳ ಪ್ರತಿಗಳು, ಬದುಕುಳಿದವರ ಹೇಳಿಕೆಗಳ ಓದು, ಆಮೇಲೆ ಮಾತುಕತೆ. ಒಂದು ಜನಸಮುದಾಯವನ್ನೇ ಅಳಿಸಿಹಾಕುವ ಅಪರಾಧಕ್ಕೆ ಈಡಾದವರನ್ನು ನೆನೆಯಲು ವಿಶ್ವಸಂಸ್ಥೆ ಗೊತ್ತುಮಾಡಿದ ದಿನ ಅದು. ಆಹ್ವಾನಪತ್ರಿಕೆ ಬೆಳಿಗ್ಗೆ ಅಚ್ಚಿಗೆ ಹೋಗಬೇಕು. ಇಂಗ್ಲಿಷಿನಲ್ಲಿ 'ಜೆನೊಸೈಡ್' ಎಂದು ಹಾಕಿ ಆಗಿದೆ, ಕನ್ನಡದಲ್ಲಿ ಏನು ಹಾಕಲಿ ಎಂಬುದು ಅವಳ ಪ್ರಶ್ನೆ. ಅವಳ ಕೈಯಲ್ಲಿ ಮೂರು ಪದಗಳಿದ್ದವು: ನರಮೇಧ, ಮಾರಣಹೋಮ, ಜನಾಂಗಹತ್ಯೆ. "ಪೇಪರಿನಲ್ಲಿ ಮೂರನ್ನೂ ಬರೀತಾರೆ. ಮೂರೂ ಒಂದೇನಾ?"

ಒಂದೇ ಅಲ್ಲ ಎಂದು ತಕ್ಷಣ ಹೇಳಿದೆ. ಯಾಕೆ ಎಂದು ಬಿಡಿಸಿ ಹೇಳಲು ಆ ರಾತ್ರಿ ನನ್ನಿಂದಾಗಲಿಲ್ಲ. ಅವಳಿಗೆ ಕೊಡಬೇಕಿದ್ದ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ.

ನರಮೇಧದಿಂದಲೇ ತೊಡಗೋಣ. 'ನರ' ಎಲ್ಲರಿಗೂ ಗೊತ್ತು, ಬಿಡಿಸಬೇಕಾದದ್ದು 'ಮೇಧ'. ವೇದಕಾಲದ ಭಾಷೆಯಲ್ಲಿ ಮೇಧ ಎಂದರೆ ಬಲಿಪಶುವಿನೊಳಗಿನ ಸಾರ, ಸತ್ವ. ಅದರಿಂದ ಬಲಿ, ಯಜ್ಞ ಎಂಬ ಅರ್ಥ ಬೆಳೆಯಿತು. ಅಶ್ವಮೇಧದಲ್ಲಿರುವುದು ಇದೇ ಮೇಧ. ಐತರೇಯ ಬ್ರಾಹ್ಮಣದಲ್ಲಿ ಈ ಸಾರ ಊರೂರು ಅಲೆದಂತೆ ಜೀವದಿಂದ ಜೀವಕ್ಕೆ ಅಲೆದ ಕಥೆಯಿದೆ. ದೇವತೆಗಳು ಮೊದಲು ಮನುಷ್ಯನನ್ನೇ ಬಲಿಗೆ ಹಿಡಿದರಂತೆ. ಹಿಡಿದೊಡನೆ ಮೇಧ ಅವನನ್ನು ಬಿಟ್ಟು ಕುದುರೆಯೊಳಗೆ ಹೊಕ್ಕಿತು. ಕುದುರೆಯನ್ನು ಹಿಡಿದರೆ ಎತ್ತಿಗೆ, ಎತ್ತನ್ನು ಹಿಡಿದರೆ ಕುರಿಗೆ, ಕುರಿಯಿಂದ ಆಡಿಗೆ, ಆಡಿನಿಂದ ನೆಲಕ್ಕೆ ಇಳಿಯಿತು. ನೆಲದಿಂದ ಭತ್ತವಾಗಿ ಎದ್ದಿತು. ಹಾಗಾಗಿ ಅಕ್ಕಿಹಿಟ್ಟಿನ ಪುರೋಡಾಶ ಅರ್ಪಿಸಿದರೂ ಬಲಿ ಕೊಟ್ಟಂತೆಯೇ ಎಂದು ಕಥೆ ಮುಗಿಯುತ್ತದೆ. ಕೈಯೊಳಗಿನ ಕತ್ತಿಯನ್ನು ಒಂದೊಂದೇ ಮೆಟ್ಟಿಲು ಕೆಳಗಿಳಿಸುತ್ತ ಬಂದ ಯಾರೋ ಹಿರಿಯರು ಈ ಕಥೆಯ ಹಿಂದೆ ನನಗೆ ಕಾಣುತ್ತಾರೆ.

ಶತಪಥ ಬ್ರಾಹ್ಮಣದ ಪುರುಷಮೇಧದ, ಅಂದರೆ ನರಮೇಧದ, ವಿವರದಲ್ಲೂ ಹೀಗೇ ಒಂದು ತಡೆಯಿದೆ. ಮನುಷ್ಯರನ್ನು ಯೂಪಗಳಿಗೆ, ಅಂದರೆ ಬಲಿಗಂಬಗಳಿಗೆ, ಕಟ್ಟಿ ಆಗಿರುತ್ತದೆ. ಆಗ ಒಂದು ವಾಣಿ ಕೇಳಿಬರುತ್ತದೆ: ಇದನ್ನು ಕೊನೆಗಾಣಿಸಬೇಡ, ಕೊನೆಗಾಣಿಸಿದರೆ ಮನುಷ್ಯನು ಮನುಷ್ಯನನ್ನೇ ತಿನ್ನತೊಡಗುತ್ತಾನೆ ಎಂಬ ಅರ್ಥದ ಎಚ್ಚರಿಕೆ. ಕಟ್ಟಿದವರನ್ನು ಬಿಚ್ಚಿ ಬಿಡುತ್ತಾರೆ. ಮುಂದೆ ಧರ್ಮಶಾಸ್ತ್ರಗಳು ಕಲಿಯುಗದಲ್ಲಿ ಮಾಡಬಾರದವುಗಳ ಪಟ್ಟಿ ಬರೆದಾಗ, ಆ ಕಲಿವರ್ಜ್ಯಗಳಲ್ಲಿ ನರಮೇಧ ಅಶ್ವಮೇಧದ ಪಕ್ಕದಲ್ಲೇ ಕೂತಿತು.

ಆದರೆ ಈ ಪದದ ಒಳಗಿನ ನಿಜವಾದ ಮನುಷ್ಯ ಶುನಃಶೇಪ. ಅವನ ಕಥೆಯೂ ಐತರೇಯ ಬ್ರಾಹ್ಮಣದ್ದೇ. ರಾಜ ಹರಿಶ್ಚಂದ್ರ ಮಗನಿಗಾಗಿ ವರುಣನಿಗೆ ಹರಸಿಕೊಂಡ, ಹುಟ್ಟುವ ಮಗನನ್ನು ನಿನಗೇ ಬಲಿ ಕೊಡುತ್ತೇನೆಂದು. ಮಗ ರೋಹಿತ ಹುಟ್ಟಿದ. ಹಲ್ಲು ಬರಲಿ, ಹಲ್ಲು ಬೀಳಲಿ, ಬಿದ್ದ ಹಲ್ಲು ಮತ್ತೆ ಬರಲಿ ಎಂದು ಅಪ್ಪ ಮುಂದೂಡುತ್ತ ಹೋದ. ದೊಡ್ಡವನಾದ ರೋಹಿತ ಬಿಲ್ಲು ಹಿಡಿದು ಕಾಡಿಗೆ ಹೊರಟ. ಅಪ್ಪನ ಹೊಟ್ಟೆ ಜಲೋದರದಿಂದ ಊದಿತು. ಕಾಡಿನಲ್ಲಿ ರೋಹಿತನಿಗೆ ಸಿಕ್ಕಿದವನು ಹಸಿವಿನಿಂದ ಕಂಗೆಟ್ಟ ಅಜೀಗರ್ತ, ಜೊತೆಗೆ ಅವನ ಮೂವರು ಗಂಡುಮಕ್ಕಳು. ನೂರು ಹಸು ಕೊಡುತ್ತೇನೆ, ನನ್ನ ಬದಲಿಗೆ ಒಬ್ಬ ಮಗನನ್ನು ಕೊಡು ಎಂದ ರೋಹಿತ. ಹಿರಿಯನನ್ನು ಅಪ್ಪ ಅಪ್ಪಿಕೊಂಡ, ಕಿರಿಯನನ್ನು ತಾಯಿ ಅಪ್ಪಿಕೊಂಡಳು. ಉಳಿದವನು ನಡುವಿನ ಶುನಃಶೇಪ.

ಯಜ್ಞಶಾಲೆಯಲ್ಲಿ ಅವನನ್ನು ಕಂಬಕ್ಕೆ ಕಟ್ಟಲು ಯಾರೂ ಮುಂದೆ ಬರಲಿಲ್ಲ. ಇನ್ನೂ ನೂರು ಹಸು ಕೊಟ್ಟರೆ ನಾನು ಕಟ್ಟುತ್ತೇನೆ ಎಂದ ಅಪ್ಪ. ಕೊಲ್ಲಲೂ ಯಾರೂ ಒಪ್ಪಲಿಲ್ಲ. ಇನ್ನೊಂದು ನೂರಕ್ಕೆ ಅದಕ್ಕೂ ಒಪ್ಪಿ ಕತ್ತಿ ಮಸೆಯುತ್ತ ಬಂದ. ಆಗ ಹುಡುಗ, ತಾನು ಮನುಷ್ಯನೇ ಅಲ್ಲವೆಂಬಂತೆ ಇವರು ತನ್ನನ್ನು ಕೊಲ್ಲುತ್ತಾರೆಂದು ಅರಿತು, ದೇವತೆಗಳನ್ನು ಒಬ್ಬೊಬ್ಬರಾಗಿ ಸ್ತುತಿಸತೊಡಗಿದ. ಕೊನೆಗೆ ಉಷಸ್ಸನ್ನು ಹಾಡುವಾಗ ಒಂದೊಂದು ಋಕ್ಕಿಗೂ ಒಂದೊಂದು ಕಟ್ಟು ಸಡಿಲಿ ಬಿತ್ತು. ನಮ್ಮ ಪರಂಪರೆಯಲ್ಲಿ ನರಮೇಧದ ಅತಿ ಹೆಸರಾಂತ ಕಥೆ ಹೀಗೆ ಸಾಯದೆ ಉಳಿದ ಹುಡುಗನೊಬ್ಬನ ಕಥೆ.

ಕನ್ನಡಕ್ಕೆ ಬಂದರೆ ಜನ್ನನಿದ್ದಾನೆ. ಹೊಯ್ಸಳ ವೀರಬಲ್ಲಾಳನ ಆಸ್ಥಾನದ ಈ ಜೈನಕವಿ 1209ರಲ್ಲಿ ಮುಗಿಸಿದ 'ಯಶೋಧರ ಚರಿತೆ' ನರಬಲಿಯ ಕತ್ತಿಯ ಕೆಳಗೇ ತೆರೆದುಕೊಳ್ಳುತ್ತದೆ. ಮಾರಿದತ್ತ ರಾಜ ಚಂಡಮಾರಿಗೆ ಬಲಿ ಕೊಡಲು ಎಳೆಯ ಅಣ್ಣತಂಗಿಯರನ್ನು ಹಿಡಿದು ತರಿಸಿದ್ದಾನೆ. ಅಣ್ಣ ಅಭಯರುಚಿ ಹೆದರದೆ ತಮ್ಮ ಹಿಂದಿನ ಜನ್ಮಗಳ ಕಥೆ ಹೇಳುತ್ತಾನೆ. ಯಶೋಧರನಾಗಿದ್ದಾಗ ತಾಯಿಯ ಒತ್ತಾಯಕ್ಕೆ ಅವನು ಜೀವಬಲಿ ಒಲ್ಲೆನೆಂದು ಹಿಟ್ಟಿನ ಹುಂಜವನ್ನು ಕಡಿದಿದ್ದ. ಕಡಿದ ಹುಂಜ ಕೂಗಿತು. ಆ ಒಂದು ಏಟಿಗೆ ತಾಯಿಮಗ ಇಬ್ಬರೂ ಪ್ರಾಣಿಜನ್ಮಗಳಲ್ಲಿ ತೊಳಲಿದರು. ಹಿಟ್ಟನ್ನು ಕಡಿದರೂ ಕೊಲೆಯೇ ಆಯಿತು, ಏಕೆಂದರೆ ಮನಸ್ಸಿನಲ್ಲಿ ಕೊಲ್ಲುವ ಸಂಕಲ್ಪವಿತ್ತು. ಜೈನರು ಇದನ್ನು ಸಂಕಲ್ಪಹಿಂಸೆ ಎಂದು ಕರೆಯುತ್ತಾರೆ. ಈ ಹುಂಜವನ್ನೂ ಈ ಪದವನ್ನೂ ಓದುಗರು ಮನಸ್ಸಿನಲ್ಲಿ ಇಟ್ಟುಕೊಂಡಿರಬೇಕು. ಎರಡೂ ಮುಂದೆ ಬೇಕಾಗುತ್ತವೆ.

ಇನ್ನು ಅಚ್ಚಗನ್ನಡದ ಕಡೆ ನೋಡಿದರೆ ಕಗ್ಗೊಲೆಯಿದೆ. ಕಡು ಸೇರಿದ ಕೊಲೆ; ಕತ್ತಲೆ ಕಗ್ಗತ್ತಲೆಯಾದಂತೆ. ಅದು ಕೊಲೆಯ ಕ್ರೌರ್ಯವನ್ನು ಹೇಳುತ್ತದೆ, ಸತ್ತವರು ಯಾರೆಂದು ಹೇಳುವುದಿಲ್ಲ. ನನಗೆ ಅದಕ್ಕಿಂತ ಹೆಚ್ಚು ಕಾಡುವುದು ವೀರಗಲ್ಲುಗಳ ಮೇಲಿನ ಒಂದು ಪದ: ಊರಳಿವು. ತುರುಗೊಳ್, ಪೆಣ್ಬುಯ್ಯಲ್, ಊರಳಿವು ಎಂದು ನಮ್ಮ ಶಾಸನಗಳು ವೀರರು ಸತ್ತ ಸಂದರ್ಭಗಳನ್ನು ಹೆಸರಿಸುತ್ತವೆ. ತುರುಗಳನ್ನು ಕದ್ದಾಗ, ಹೆಂಗಸರ ಮೊರೆ ಎದ್ದಾಗ, ಊರೇ ಹಾಳಾದಾಗ. ಊರಳಿವಿನಲ್ಲಿ ಅಳಿಯುವುದು ಊರು. ಸತ್ತ ಇಂತಿಷ್ಟು ಮಂದಿಯನ್ನು ಕೂಡಿಸಿದರೆ ಬರುವ ಮೊತ್ತಕ್ಕಿಂತ ದೊಡ್ಡದೇನೋ ಅಲ್ಲಿ ಸತ್ತಿದೆ ಎಂಬ ಅರಿವು ಆ ನಾಲ್ಕಕ್ಷರದಲ್ಲಿದೆ. ಕಲ್ಲಿನಲ್ಲಿ ಮಾತ್ರ ಕಾದಿದವನ ಹೆಸರು ನಿಂತಿತು. ಊರಿನವರ ಹೆಸರು ನಿಲ್ಲಲಿಲ್ಲ.

ಹೊಸಗನ್ನಡದ ಪತ್ರಿಕೆಗಳು ದೂರದೂರದ ಸಾಮೂಹಿಕ ಕೊಲೆಗಳ ಸುದ್ದಿ ತರತೊಡಗಿದಾಗ ಇಷ್ಟೆಲ್ಲ ಪದಗಳಲ್ಲಿ ತಲೆಬರಹಕ್ಕೆ ಏರಿದ್ದು ಸಂಸ್ಕೃತದವು. ಜಲಿಯನ್‌ವಾಲಾಬಾಗಿಗೆ ಹತ್ಯಾಕಾಂಡ ಗಟ್ಟಿಯಾಗಿ ಅಂಟಿಕೊಂಡಿತು. ಬೇರೆ ಕಡೆ ನರಮೇಧ, ಮಾರಣಹೋಮ. ಮಾರಣಹೋಮದ ಮೂಲಾರ್ಥ ಶತ್ರುವೊಬ್ಬನ ಸಾವು ಬಯಸಿ ಗುಟ್ಟಾಗಿ ಮಾಡುವ ಆಭಿಚಾರಿಕ ಹೋಮ. ಎರಡೂ ಪದಗಳಿಂದ ವೇದಿ, ಅಗ್ನಿ, ಪುರೋಹಿತ ಎಲ್ಲ ಉದುರಿಹೋಗಿ ಹೆಣಗಳ ರಾಶಿಯೊಂದೇ ಉಳಿಯಿತು. ಅಕ್ಕಿಯವರೆಗೆ ಇಳಿದು ಬಂದಿದ್ದ ಮೇಧವನ್ನು ನಾವು ಮತ್ತೆ ಮನುಷ್ಯನ ಮೈಗೆ ಹತ್ತಿಸಿದೆವು.

ಇದು ನಮ್ಮೊಬ್ಬರ ತೊಡಕಲ್ಲ. 'ಹೋಲೊಕಾಸ್ಟ್' ಎಂಬುದೂ ಗ್ರೀಕ್ ಭಾಷೆಯ ಬಲಿಪದವೇ: ಪೂರ್ತಿಯಾಗಿ ಸುಟ್ಟು ದೇವರಿಗೆ ಅರ್ಪಿಸಿದ್ದು ಎಂದರ್ಥ. ನಾಜಿಗಳು ಕೊಂದ 60 ಲಕ್ಷ ಯಹೂದಿಗಳನ್ನು ಯಾವ ದೇವರಿಗೂ ಯಾರೂ ಅರ್ಪಿಸಲಿಲ್ಲ. ಆದ್ದರಿಂದಲೇ ಅನೇಕ ಯಹೂದಿಗಳು ಆ ಪದವನ್ನು ಒಲ್ಲದೆ ಹೀಬ್ರೂವಿನ 'ಶೋಆ' ಎನ್ನುತ್ತಾರೆ; ಅಂದರೆ ಸರ್ವನಾಶ. 1915ರಲ್ಲಿ ಒಟ್ಟೊಮನ್ ಸಾಮ್ರಾಜ್ಯದಲ್ಲಿ ತಮ್ಮವರನ್ನು ಕಳೆದುಕೊಂಡ ಅರ್ಮೇನಿಯನ್ನರು 'ಮೆಟ್ಸ್ ಯೆಘೆರ್ನ್' ಎನ್ನುತ್ತಾರೆ: ಮಹಾಪಾತಕ. ನೊಂದವರು ತಾವೇ ಆರಿಸಿಕೊಂಡ ಈ ಎರಡು ಹೆಸರುಗಳಲ್ಲಿ ಬಲಿಪೀಠದ ಸುಳಿವಿಲ್ಲ. ಬಲಿ ಎಂದಾಗ ಕೊಂದವನು ಯಜಮಾನನಾಗುತ್ತಾನೆ, ಸತ್ತವನು ನೈವೇದ್ಯವಾಗುತ್ತಾನೆ, ಕೊಲೆಗೆ ಏನೋ ಒಂದು ಫಲವಿತ್ತೆಂಬ ನೆರಳು ಬೀಳುತ್ತದೆ. ನರಮೇಧ ಎಂದು ಬರೆಯುವಾಗ ನನ್ನ ಕೈ ತಡೆಯುವುದು ಇಲ್ಲಿ.

ಹಾಗಾದರೆ ಜೆನೊಸೈಡ್? ಆ ಪದದ ಹುಟ್ಟು ನಮಗೆ ಇಸವಿ ಸಮೇತ ಗೊತ್ತಿದೆ. ಹುಟ್ಟಿಸಿದವರು ರಾಫೆಲ್ ಲೆಮ್ಕಿನ್, ಇಂದಿನ ಬೆಲಾರುಸ್‌ನ ಹೊಲಮನೆಯೊಂದರಲ್ಲಿ 1900ರಲ್ಲಿ ಹುಟ್ಟಿದ ಯಹೂದಿ. 1921ರ ಮಾರ್ಚ್‌ನಲ್ಲಿ ಬರ್ಲಿನ್ನಿನ ಬೀದಿಯಲ್ಲಿ ಅರ್ಮೇನಿಯನ್ ತರುಣ ಸೊಘೊಮೊನ್ ತೆಹ್ಲಿರಿಯನ್, ಅರ್ಮೇನಿಯನ್ನರ ನಾಶಕ್ಕೆ ಕಾರಣನಾದ ಮಾಜಿ ಮಂತ್ರಿ ತಲಾತ್ ಪಾಷಾನನ್ನು ಗುಂಡಿಟ್ಟು ಕೊಂದ. ಒಬ್ಬನನ್ನು ಕೊಂದದ್ದಕ್ಕೆ ತರುಣನ ಮೇಲೆ ಮೊಕದ್ದಮೆ ನಡೆಯಿತು. ಲ್ವೊವ್‌ನಲ್ಲಿ ಓದುತ್ತಿದ್ದ ಲೆಮ್ಕಿನ್ ತಮ್ಮ ಪ್ರಾಧ್ಯಾಪಕರನ್ನು ಕೇಳಿದರು: ಅಷ್ಟು ಜನರನ್ನು ಕೊಲ್ಲಿಸಿದ ತಲಾತ್‌ನನ್ನು ಏಕೆ ಬಂಧಿಸಲಿಲ್ಲ? ಪ್ರಾಧ್ಯಾಪಕರು ಕೊಟ್ಟ ಉತ್ತರವನ್ನು ಲೆಮ್ಕಿನ್ ಆತ್ಮಕಥೆಯಲ್ಲಿ ನೆನೆದಿದ್ದಾರೆ. ಒಬ್ಬ ರೈತ ತನ್ನ ಕೋಳಿಗಳನ್ನು ತಾನು ಕೊಂದರೆ ಯಾರು ಕೇಳಬೇಕು? ಕೇಳಹೋದರೆ ಅವನ ಹಿತ್ತಲಿಗೆ ಅತಿಕ್ರಮಿಸಿದಂತೆ. ರಾಜ್ಯದ ಸಾರ್ವಭೌಮತ್ವವೂ ಹಾಗೇ ಎಂಬುದು ಅದರ ತಾತ್ಪರ್ಯ.

ಯುರೋಪಿನ ಒಂದು ವಿಶ್ವವಿದ್ಯಾಲಯದಲ್ಲಿ ಮನುಷ್ಯರನ್ನು ಕೋಳಿಗೆ ಹೋಲಿಸಿ ಕೈತೊಳೆದುಕೊಂಡ ಆ ಹೊತ್ತಿಗೆ, ಹಿಟ್ಟಿನ ಕೋಳಿಯ ಕೊರಳಿಗೂ ಲೆಕ್ಕ ಕೇಳಿದ ಕನ್ನಡ ಕಾವ್ಯಕ್ಕೆ ಏಳುನೂರು ವರ್ಷ ಕಳೆದಿತ್ತು. ಈ ಎರಡು ಕೋಳಿಗಳನ್ನು ಅಕ್ಕಪಕ್ಕ ಇಟ್ಟು ನೋಡಿದಾಗಲೆಲ್ಲ ಜನ್ನನ ಬಗ್ಗೆ ನನ್ನ ಗೌರವ ಇನ್ನಷ್ಟು ಹೆಚ್ಚುತ್ತದೆ.

ಲೆಮ್ಕಿನ್ ಸುಮ್ಮನಾಗಲಿಲ್ಲ. ವಕೀಲರಾದರು, 1933ರಲ್ಲಿ ಮ್ಯಾಡ್ರಿಡ್ ಸಮ್ಮೇಳನಕ್ಕೆ ಇಂಥ ಅಪರಾಧಗಳನ್ನು ತಡೆಯುವ ಪ್ರಸ್ತಾವ ಕಳಿಸಿದರು. 1939ರಲ್ಲಿ ಪೋಲೆಂಡ್ ಬಿಟ್ಟು ಓಡಿ, ಸ್ವೀಡನ್, ರಷ್ಯಾ, ಜಪಾನ್ ದಾಟಿ 1941ರಲ್ಲಿ ಅಮೆರಿಕ ಸೇರಿದರು. ಅದೇ ವರ್ಷ ಆಗಸ್ಟಿನಲ್ಲಿ ಚರ್ಚಿಲ್ ರೇಡಿಯೊದಲ್ಲಿ ನಾಜಿ ಕೃತ್ಯಗಳನ್ನು ಹೆಸರಿಲ್ಲದ ಅಪರಾಧವೆಂದು ಕರೆದರು. 1944ರ ನವೆಂಬರಿನಲ್ಲಿ ಹೊರಬಂದ ತಮ್ಮ ಪುಸ್ತಕದ ಒಂಬತ್ತನೆಯ ಅಧ್ಯಾಯಕ್ಕೆ ಲೆಮ್ಕಿನ್ 'ಜೆನೊಸೈಡ್' ಎಂಬ ಹೆಸರನ್ನು ಕೊಟ್ಟರು. ಗ್ರೀಕ್‌ನ 'ಗೆನೊಸ್', ಲ್ಯಾಟಿನ್‌ನ ಕೊಲೆಪ್ರತ್ಯಯ 'ಸೈಡ್'. ಗೆನೊಸ್ ಎಂದರೆ ಒಂದೇ ಹುಟ್ಟಿನವರು, ಕುಲ. ಈ ಗೆನೊಸ್ ಮತ್ತು ನಮ್ಮ 'ಜನ' ಒಂದೇ ಮೂಲಧಾತುವಿನ ಅಕ್ಕತಂಗಿಯರು. ಯುದ್ಧ ಮುಗಿದ ಮೇಲೆ ತಿಳಿಯಿತು: ಹೆತ್ತವರೂ ಸೇರಿ ಲೆಮ್ಕಿನ್ ಬಂಧುಗಳಲ್ಲಿ 49 ಮಂದಿ ಸತ್ತಿದ್ದರು.

ಈ ಪದದ ಮುಂದಿನ ಕಥೆಯಲ್ಲಿ ಭಾರತವಿದೆ. ಜೆನೊಸೈಡನ್ನು ಅಂತರರಾಷ್ಟ್ರೀಯ ಅಪರಾಧವೆಂದು ಸಾರಿದ 1946ರ ಡಿಸೆಂಬರ್ 11ರ ವಿಶ್ವಸಂಸ್ಥೆಯ ನಿರ್ಣಯವನ್ನು ಮಂಡಿಸಿದ್ದು ಕ್ಯೂಬಾ, ಪನಾಮಾ ಮತ್ತು ಭಾರತ. ಆಗ ಭಾರತದ ನಿಯೋಗದ ಮುಂದಾಳು ವಿಜಯಲಕ್ಷ್ಮಿ ಪಂಡಿತ್. ನಮಗಿನ್ನೂ ಸ್ವಾತಂತ್ರ್ಯ ಬಂದಿರಲಿಲ್ಲ. 1948ರ ಡಿಸೆಂಬರ್ 9ರಂದು ಪ್ಯಾರಿಸ್‌ನಲ್ಲಿ ಈ ಅಪರಾಧವನ್ನು ತಡೆದು ಶಿಕ್ಷಿಸುವ ವಿಶ್ವಸಂಸ್ಥೆಯ ಒಪ್ಪಂದ ಅಂಗೀಕಾರವಾಯಿತು. ನನ್ನ ಗೆಳತಿಯ ಆಹ್ವಾನಪತ್ರಿಕೆಯ ದಿನಾಂಕ ಬಂದದ್ದು ಅಲ್ಲಿಂದ. ಭಾರತ ಅದನ್ನು ಸ್ಥಿರೀಕರಿಸಿದ್ದು 1959ರ ಆಗಸ್ಟ್ 27ಕ್ಕೆ. ಮರುದಿನ, ಆಗಸ್ಟ್ 28ರಂದು, ಲೆಮ್ಕಿನ್ ನ್ಯೂಯಾರ್ಕಿನಲ್ಲಿ ಹೃದಯಾಘಾತದಿಂದ ತೀರಿಕೊಂಡರು. ನಮ್ಮ ದೇಶದೊಳಗಿನ ಶಾಸನದಲ್ಲಿ ಮಾತ್ರ ಈ ಅಪರಾಧಕ್ಕೆ ಪ್ರತ್ಯೇಕ ಕಲಂ ಬರಲಿಲ್ಲ. 1984ರ ಸಿಖ್ಖರ ಹತ್ಯೆಯ ಪ್ರಕರಣವೊಂದರಲ್ಲಿ ದೆಹಲಿ ಹೈಕೋರ್ಟ್ 2018ರ ಡಿಸೆಂಬರಿನಲ್ಲಿ ಈ ಕೊರತೆಯನ್ನು ಎತ್ತಿ ತೋರಿಸಿತು.

ಈ ಜೆನೊಸೈಡ್‌ಗೆ ನೆರೆಹೊರೆಯ ಭಾಷೆಗಳು ತಮ್ಮ ತಮ್ಮ ದಾರಿ ಕಂಡುಕೊಂಡಿವೆ. ತಮಿಳಿನವರು 'ಇನಪ್ಪಡುಕೊಲೈ' ಎಂದರು. ಅದರ ಕೊಲೈ ನಮ್ಮ ಕೊಲೆಯೇ. ಬಂಗಾಳಿಯಲ್ಲಿ 'ಗಣಹತ್ಯಾ', 1971ರ ಮಾರ್ಚ್ 25ರ ರಾತ್ರಿಯ ಕಗ್ಗೊಲೆಯ ನೆನಪಿಗೆ ಬಾಂಗ್ಲಾದೇಶ 2017ರಿಂದ ಗಣಹತ್ಯಾ ದಿನ ಆಚರಿಸುತ್ತಿದೆ. ಕನ್ನಡಕ್ಕೆ ಒದಗಿದ್ದು ಜನಾಂಗಹತ್ಯೆ. 'ಜನಾಂಗ' ನಮ್ಮಲ್ಲಿ ತುಂಬ ಓಡಾಡಿದ ಪದ. 'ನಮ್ಮ ಜನಾಂಗದವರು' ಎಂದರೆ ಜಾತಿಯವರು, 'ಯುವಜನಾಂಗ' ಎಂದರೆ ತಲೆಮಾರು, ಬುಡಕಟ್ಟಿಗೂ ಜನಾಂಗ, ರಾಷ್ಟ್ರಕ್ಕೂ ಜನಾಂಗ. ಸಡಿಲ ಪದ ನಿಜ. ಆದರೆ ಬಿಡಿಸಿ ಕೇಳಿದರೆ ಜನದ ಒಂದು ಅಂಗ ಎನ್ನುತ್ತದೆ. ಅಂಗ ಕಡಿದರೆ ಉಳಿದ ಮೈಗೂ ನೋವು. ಒಂದು ಸಮುದಾಯ ಅಳಿದಾಗ ಇಡೀ ಮನುಕುಲ ಬಡವಾಗುತ್ತದೆ ಎಂದು ಲೆಮ್ಕಿನ್ ಕೊನೆಯವರೆಗೂ ವಾದಿಸಿದ್ದು ಇದನ್ನೇ.

ಒಪ್ಪಂದ ಹೇಳುವ ಗುಂಪುಗಳು ನಾಲ್ಕು: ರಾಷ್ಟ್ರೀಯ, ಜನಾಂಗೀಯ, ವರ್ಣಮೂಲದ, ಧಾರ್ಮಿಕ. ರಾಜಕೀಯ ಗುಂಪುಗಳು ಹೊರಗುಳಿದವು. ಕಾಂಬೋಡಿಯದ ಖ್ಮೇರ್ ರೂಜ್ ಆಳ್ವಿಕೆಯಲ್ಲಿ ಸತ್ತವರಲ್ಲಿ ಬಹುಪಾಲು ಖ್ಮೇರರೇ ಆದರೂ, 2018ರಲ್ಲಿ ಅಲ್ಲಿನ ನ್ಯಾಯಪೀಠ ಈ ಅಪರಾಧವನ್ನು ಎತ್ತಿಹಿಡಿದದ್ದು ಚಾಮ್ ಮುಸ್ಲಿಮರ ಮತ್ತು ವಿಯೆಟ್ನಾಮೀಯರ ಕೊಲೆಗೆ ಮಾತ್ರ. ಇನ್ನೊಂದು ಷರತ್ತು ಉದ್ದೇಶ. ಗುಂಪನ್ನು ಗುಂಪಾಗಿಯೇ ಪೂರ್ತಿ ಇಲ್ಲವೆ ಭಾಗಶಃ ನಾಶಮಾಡುವ ಉದ್ದೇಶ ಸಾಬೀತಾಗಬೇಕು. ಬೋಸ್ನಿಯಾದ ಯುದ್ಧದಲ್ಲಿ ನಡೆದ ಅನೇಕ ಕಗ್ಗೊಲೆಗಳಲ್ಲಿ 1995ರ ಸ್ರೆಬ್ರೆನಿಟ್ಸಾದ್ದನ್ನು ಮಾತ್ರ ಅಂತರರಾಷ್ಟ್ರೀಯ ನ್ಯಾಯಾಲಯ 2007ರಲ್ಲಿ ಜನಾಂಗಹತ್ಯೆ ಎಂದಿತು; ಉಳಿದೆಡೆ ಆ ಉದ್ದೇಶ ಸಾಬೀತಾಗಲಿಲ್ಲ ಎಂದಿತು. ಜನ್ನನ ಓದುಗರಿಗೆ ಇದನ್ನು ವಿವರಿಸಬೇಕಿಲ್ಲ. ಕತ್ತಿಯ ಏಟಿಗಿಂತ ಮುಂಚೆ ಸಂಕಲ್ಪವನ್ನು ತೂಗಬೇಕೆಂದು ನಮಗೆ ಎಂಟುನೂರು ವರ್ಷದಿಂದ ಗೊತ್ತು. ಆದ್ದರಿಂದಲೇ ಸಿಟ್ಟು ಬಂದಾಗಲೆಲ್ಲ ಈ ಪದವನ್ನು ಎಸೆಯಬಾರದು. ಯಾರ ಸಂಕಲ್ಪ, ಯಾವ ಗುಂಪಿನ ಮೇಲೆ, ಸಾಕ್ಷಿ ಏನು ಎಂದು ಕೇಳುವ ಪದ ಅದು.

ಸಾಕ್ಷಿ ಎಂದಾಗ ವಾರ್ಸಾದ ಹಾಲಿನ ಕ್ಯಾನುಗಳು ನೆನಪಾಗುತ್ತವೆ. ನಾಜಿಗಳು ಯಹೂದಿಗಳನ್ನು ಕೂಡಿಹಾಕಿದ ಆ ಗೆಟ್ಟೊದೊಳಗೆ ಇತಿಹಾಸಕಾರ ಎಮ್ಯಾನುಯೆಲ್ ರಿಂಗೆಲ್‌ಬ್ಲುಮ್ ಗುಟ್ಟಾಗಿ ಒಂದು ಬಳಗ ಕಟ್ಟಿದರು. ಶನಿವಾರ ಸೇರುತ್ತಿದ್ದುದರಿಂದ 'ಓನೆಗ್ ಶಬ್ಬತ್', ಸಬ್ಬತ್ತಿನ ಸಂತೋಷ, ಎಂದು ಅದರ ಹೆಸರು. ಅವರು ಕೂಡಿಟ್ಟದ್ದು ಏನೇನು! ದಿನಚರಿಗಳು, ಪಡಿತರ ಚೀಟಿ, ಟ್ರಾಮಿನ ಟಿಕೆಟ್, ಮಿಠಾಯಿ ಸುತ್ತಿದ ಕಾಗದ, ಮಕ್ಕಳ ಶಾಲಾಪ್ರಬಂಧ. ನೊವೊಲಿಪ್ಕಿ ಬೀದಿಯ 68ನೇ ನಂಬರಿನ ಶಾಲೆಯ ಕೆಳಗೆ 1942ರ ಆಗಸ್ಟಿನಲ್ಲಿ ಹತ್ತು ತಗಡಿನ ಪೆಟ್ಟಿಗೆ, 1943ರ ಫೆಬ್ರವರಿಯಲ್ಲಿ ಎರಡು ಹಾಲಿನ ಕ್ಯಾನು ಹೂತರು. ಬಳಗದ ಸುಮಾರು 60 ಮಂದಿಯಲ್ಲಿ ಉಳಿದವರು ಮೂವರು. ರಿಂಗೆಲ್‌ಬ್ಲುಮ್ ಹೆಂಡತಿ ಮಗನೊಡನೆ 1944ರಲ್ಲಿ ಕೊಲೆಯಾದರು. ಊರು ಊರಾಗಿ ಉಳಿದಿರಲಿಲ್ಲ. ಇಟ್ಟಿಗೆಯ ದಿಬ್ಬಗಳ ನಡುವೆ ಜಾಗ ಹುಡುಕಿ 1946ರಲ್ಲಿ ಪೆಟ್ಟಿಗೆಗಳನ್ನೂ 1950ರಲ್ಲಿ ಕ್ಯಾನುಗಳನ್ನೂ ಅಗೆದು ತೆಗೆದರು. ಇನ್ನೊಂದು ಕಂತು ಸಿಗಲೇ ಇಲ್ಲ. ಸಿಕ್ಕಿದ್ದು ಸುಮಾರು 35,000 ಹಾಳೆ. ಊರಳಿವಿನಲ್ಲಿ ಊರಿನವರೇ ಬರೆದಿಟ್ಟ ಕಲ್ಲು ಅದು.

ಸ್ರೆಬ್ರೆನಿಟ್ಸಾದ ನೆನಪು ಕಾಫಿಯ ರೂಪದಲ್ಲಿ ಬಂತು. ಗಂಡನ ಜೊತೆ ಕೂತು ಕಾಫಿ ಕುಡಿಯುವ ಹೊತ್ತೇ ಎಲ್ಲಕ್ಕಿಂತ ಹೆಚ್ಚು ನೆನಪಾಗುತ್ತದೆ ಎಂದು ಅಲ್ಲಿನ ಹೆಂಗಸರು ಹೇಳಿದ್ದನ್ನು ಕಲಾವಿದೆ ಐದಾ ಶೆಹೊವಿಚ್ ಹಿಡಿದಿಟ್ಟುಕೊಂಡರು. 2006ರಿಂದ ಪ್ರತಿ ಜುಲೈ 11ಕ್ಕೆ ಒಂದೊಂದು ನಗರದ ಚೌಕದಲ್ಲಿ, ಬೋಸ್ನಿಯಾದ ಮನೆಮನೆಗಳಿಂದ ಬಂದ ಹಿಡಿಯಿಲ್ಲದ ಪುಟ್ಟ ಪಿಂಗಾಣಿ ಬಟ್ಟಲುಗಳನ್ನು ನೆಲದ ಮೇಲೆ ಜೋಡಿಸಿದರು. ದಾರಿಹೋಕರು ಬಗ್ಗಿ ಒಂದೊಂದಕ್ಕೆ ಬಿಸಿ ಕಾಫಿ ಸುರಿದರು. ಯಾರೂ ಕುಡಿಯಲಿಲ್ಲ. ನೀನೇಕೆ ಇಲ್ಲಿಲ್ಲ ಎಂಬರ್ಥದ ಹೆಸರು ಆ ಸ್ಮಾರಕಕ್ಕೆ. 2020ರಲ್ಲಿ ಅದು ಕೊನೆಯ ಬಾರಿ ಪೊಟೊಚಾರಿಯ ಸಮಾಧಿಗಳ ಬಳಿಗೇ ಹೋಯಿತು. ಸತ್ತವರ ಲೆಕ್ಕ 8,372. ಮನೆಗೆ ಬಂದವರಿಗೆ 'ಕಾಫಿ ಆಯ್ತಾ' ಎಂದು ಕೇಳುವ ನಾಡಿನವರಿಗೆ ಆರಿಹೋದ ಆ ಬಟ್ಟಲುಗಳ ಮಾತು ತಿಳಿಯುತ್ತದೆ.

ಕನ್ನಡದಲ್ಲೂ ಇಂಥ ಒಂದು ನೆನಪಿನ ಕೆಲಸ ನಡೆದಿದೆ. ನಾಜಿ ಜರ್ಮನಿಯಿಂದ ತಪ್ಪಿಸಿಕೊಂಡು ಬೆಂಗಳೂರಿಗೆ ಬರುವ ಯಹೂದಿ ಹುಡುಗಿಯ ಕಥೆ ನೇಮಿಚಂದ್ರರ ಕಾದಂಬರಿ 'ಯಾದ್ ವಶೇಮ್'. ಅದು ಜೆರುಸಲೇಮಿನ ಸ್ಮಾರಕದ ಹೆಸರು. ನಮ್ಮ ಕಿವಿಗೆ ಯಾದ್ ಎಂದರೆ ಹಿಂದಿಯ ನೆನಪು ಕೇಳುತ್ತದೆ. ಹೀಬ್ರೂವಿನಲ್ಲಿ ಅದಕ್ಕೆ ಕೈ ಎಂದೂ ಸ್ಮಾರಕ ಎಂದೂ ಅರ್ಥ, 'ಶೇಮ್' ಎಂದರೆ ಹೆಸರು. ಸ್ಮಾರಕ ಮತ್ತು ಹೆಸರು. ಆ ಸಂಸ್ಥೆ 60 ಲಕ್ಷದಲ್ಲಿ 48 ಲಕ್ಷಕ್ಕೂ ಹೆಚ್ಚು ಮಂದಿಯ ಹೆಸರುಗಳನ್ನು ಒಂದೊಂದಾಗಿ ಕೂಡಿಸಿದೆ. 'ನರ' ಎಂಬ ಎರಡಕ್ಷರದೊಳಗೆ ಕರಗಿಹೋದವರನ್ನು ಮತ್ತೆ ಹೆಸರು ಹಿಡಿದು ಕರೆಯುವುದೇ ದಾಖಲೆಗಾರರ ದುಡಿಮೆ.

ಗೆಳತಿಗೆ ಆ ರಾತ್ರಿ ಜನಾಂಗಹತ್ಯೆ ಎಂದು ಹಾಕು ಎಂದೆ. ಇಂದು ಕೇಳಿದರೂ ಅದನ್ನೇ ಹೇಳುತ್ತೇನೆ. ನ್ಯಾಯದ ಮಾತು ಬಂದಾಗ ಆ ಪದವೇ ಬೇಕು. ಮಾರಣಹೋಮವನ್ನು ಬಿಟ್ಟುಬಿಡೋಣ. ನರಮೇಧವನ್ನು ಮಾತ್ರ ಬಿಡಲು ನನಗೆ ಮನಸ್ಸಿಲ್ಲ, ಅದರೊಳಗೆ ಕಟ್ಟು ಬಿಚ್ಚಿಕೊಂಡ ಹುಡುಗನಿದ್ದಾನೆ. ಅವನ ಕಥೆಯನ್ನು ಎಲ್ಲಿ ಓದಬೇಕೆಂದೂ ಐತರೇಯ ಬ್ರಾಹ್ಮಣ ವಿಧಿಸಿದೆ: ರಾಜಸೂಯದಲ್ಲಿ, ಪಟ್ಟಕ್ಕೆ ಅಭಿಷಿಕ್ತನಾದ ರಾಜನ ಎದುರು, ತುಂಬಿದ ಸಭೆಯಲ್ಲಿ. ಅಧಿಕಾರ ಹಿಡಿದವನು ಮೊದಲು ಕೂತು ಕೇಳಬೇಕಾದದ್ದು, ಅಧಿಕಾರಕ್ಕಾಗಿ ಕಂಬಕ್ಕೆ ಕಟ್ಟಿಸಿಕೊಂಡವನ ಹೆಸರು, ಅವನಿಗೆ ಕಟ್ಟಿದ ಬೆಲೆ, ಕಟ್ಟಿದ ಕೈ.

ಕಟ್ಟು ಬಿದ್ದ ಮೇಲೆ ಅಜೀಗರ್ತ ಮಗನನ್ನು ಮನೆಗೆ ಕರೆಯುತ್ತಾನೆ. ಶುನಃಶೇಪ ಹೋಗುವುದಿಲ್ಲ. ವಿಶ್ವಾಮಿತ್ರನ ಮಗನಾಗಿ ದೇವರಾತನೆಂಬ ಹೊಸ ಹೆಸರು ಪಡೆಯುತ್ತಾನೆ. ಅದಕ್ಕೂ ಮೊದಲು, ಎಲ್ಲರೂ ಕೇಳುವಂತೆ ಹೆತ್ತಪ್ಪನಿಗೆ ಉತ್ತರ ಕೊಡುತ್ತಾನೆ: ನಿನ್ನ ಕೈಯಲ್ಲಿ ಕತ್ತಿ ಇದ್ದುದನ್ನು ಇವರೆಲ್ಲ ಕಂಡಿದ್ದಾರೆ, ನನಗಿಂತ ನಿನಗೆ ಮುನ್ನೂರು ಹಸುಗಳು ಹೆಚ್ಚಾದವು.